ಗರಗಸ ಆರಿಸಿದ ಮಳೆಗಾಲ

ಜಗತ್ತಿನಲ್ಲಿ ಕೊಳ್ಳುವವರು ಬೇರೆ, ಆರಿಸುವವರು ಬೇರೆ. ಕೊಳ್ಳುವವರು ಅಂಗಡಿಗೆ ಹೋಗಿ, ಬೆರಳು ತೋರಿಸಿ, ಕಟ್ಟಿಸಿಕೊಂಡು ಮನೆಗೆ ಬಂದುಬಿಡುತ್ತಾರೆ. ಅಂಥವರನ್ನು ಕಂಡರೆ ನನಗೆ ಗೌರವವೇ. ಆದರೆ ಬದುಕಿನ ಒಂದು ದೊಡ್ಡ ಸುಖವನ್ನು ಅವರು ಕೈಯಾರೆ ಕಳೆದುಕೊಳ್ಳುತ್ತಾರಲ್ಲ ಎಂಬ ಮರುಕವೂ ಇದೆ. ನಾನು ಆರಿಸುವವನು. ಸಂತೆಯಲ್ಲಿ ನನ್ನ ಹೆಂಡತಿ ಕಸ್ತೂರಿ ನನ್ನನ್ನು ಬದನೆಕಾಯಿಯ ರಾಶಿಯ ಮುಂದೆ ನಿಲ್ಲಿಸಿ, ತಾನು ಹೋಗಿ ಉಳಿದ ಸಂತೆಯನ್ನೆಲ್ಲ ಮುಗಿಸಿ, ಪರಿಚಯದವರೊಡನೆ ಸುಖದುಃಖ ಮಾತಾಡಿ ಬರುತ್ತಾಳೆ. ಅಷ್ಟು ಹೊತ್ತಿಗೆ ನಾನು ಎಣ್ಣೆಗಾಯಿಗೆ ತಕ್ಕ ಬದನೆಕಾಯಿ ಎರಡು ಆರಿಸಿ, ಮೂರನೆಯದರ ತೊಟ್ಟು ನೋಡುತ್ತಿರುತ್ತೇನೆ. ಮದುವೆಯ ವಿಷಯದಲ್ಲಿ ಮಾತ್ರ ನನಗೆ ಈ ಅವಕಾಶ ಸಿಗಲಿಲ್ಲ. ಅಪ್ಪ ಅವಸರದ ಮನುಷ್ಯ. ಒಂದೇ ಮನೆಗೆ ಹೋಗಿ, ಚಹಾ ಮುಗಿಯುವುದರೊಳಗೆ ಒಪ್ಪಿಬಿಟ್ಟರು. ನನಗೇ ಬಿಟ್ಟಿದ್ದರೆ ಇಷ್ಟು ಹೊತ್ತಿಗೆ ನಾನು ನೆರೆತ ತಲೆಯ ಬ್ರಹ್ಮಚಾರಿಯಾಗಿರುತ್ತಿದ್ದೆ ಎಂದು ಕಸ್ತೂರಿ ಹೇಳುತ್ತಾಳೆ. ಅದು ನಿಜವೇ.

ಇಂಥ ನಾನು ಹೋದ ಮಳೆಗಾಲದಲ್ಲಿ ಒಂದು ಬ್ಯಾಟರಿ ಗರಗಸ ಆರಿಸಲು ಕೂತೆ. ವಿಜಯಪುರದ ತೊರವಿ ರಸ್ತೆಯ ಕಡೆ ನಮ್ಮ ಮನೆ. ಅಂಗಳದಲ್ಲಿ ಒಂದು ಬೇವಿನ ಮರ. ಮರ ನಮ್ಮದಾದರೂ ಅದರ ಒಂದು ದಪ್ಪ ಟೊಂಗೆ ಗೋಡೆ ದಾಟಿ ಪಕ್ಕದ ದಸ್ತಗೀರ್ ಸಾಹೇಬರ ಮಾಳಿಗೆಯ ಮೇಲೆ ಚಾಚಿಕೊಂಡಿದೆ. ಸಾಹೇಬರು ಬಸ್ ಡ್ರೈವರ್ ಆಗಿ ನಿವೃತ್ತರಾದವರು. ನಮ್ಮ ಹೋಳಿಗೆ ಆ ಗೋಡೆಯ ಮೇಲಿಂದ ಆಚೆ ಹೋಗುತ್ತದೆ, ಅವರ ಈದಿನ ಸುರಕುಂಬಾ ಪಾಯಸ ಅದೇ ಗೋಡೆಯ ಮೇಲಿಂದ ಈಚೆ ಬರುತ್ತದೆ. ಇಷ್ಟು ವರ್ಷದಲ್ಲಿ ಆ ಗೋಡೆಯ ಮೇಲೆ ಒಂದು ಕೆಟ್ಟ ಮಾತು ಹಾದಿಲ್ಲ. ಬೇಸಿಗೆಯಲ್ಲಿ ಅವರು ಮಾಳಿಗೆಯ ಮೇಲೆ ಸೋಲಾರ್ ಪ್ಲೇಟು ಹಾಕಿಸಿದರು. ಮಧ್ಯಾಹ್ನವಾದ ಮೇಲೆ ನಮ್ಮ ಬೇವಿನ ನೆರಳು ಹೋಗಿ ಆ ಪ್ಲೇಟಿನ ಮೇಲೆಯೇ ಮಲಗತೊಡಗಿತು. ಸಾಹೇಬರು ತಕರಾರು ಮಾಡುವವರಲ್ಲ. ಒಂದು ಸಂಜೆ ಕಟ್ಟೆಯ ಮೇಲೆ ಕೂತಾಗ, "ಮಾಸ್ತರ್ರ, ನಿಮ್ಮ ಬೇವಿನ ನೆಳ್ಳ ಭಾಳ ತಂಪ ನೋಡ್ರಿ. ನಮ್ಮ ಪ್ಲೇಟಿಗೂ ತಂಪ ಹತ್ತಾಕತ್ತೇತಿ," ಎಂದು ನಕ್ಕರು, ಅಷ್ಟೇ. ಆ ನಗು ನನಗೆ ನಾಟಿತು. "ನಾನ ಕಡದು ಕೊಡ್ತೀನಿ ಸಾಹೇಬ್ರ, ನೀವು ಯಾರನ್ನೂ ಕರೀಬ್ಯಾಡ್ರಿ," ಎಂದುಬಿಟ್ಟೆ.

ಯಾಕೆ ಹಾಗಂದೆನೋ. ನಮ್ಮ ಮನೆಯಲ್ಲಿರುವ ಹತ್ಯಾರವೆಂದರೆ ಒಂದು ಸ್ಕ್ರೂಡ್ರೈವರು, ಇನ್ನೊಂದು ಹಿಡಿ ಸಡಿಲಾದ ಸುತ್ತಿಗೆ. ಸುತ್ತಿಗೆಯನ್ನು ಕಸ್ತೂರಿ ನನ್ನ ಕೈಗೆ ಕೊಡುವುದಿಲ್ಲ. ಮರ ಕಡಿಯುವವರನ್ನು ಕರೆಯಬಹುದಿತ್ತು. ಆದರೆ ಅವರು ಟೊಂಗೆ ತೋರಿಸಿದರೆ ಬುಡ ನೋಡುತ್ತಾರೆ. ಮರ ಉಳಿಯಬೇಕು, ಟೊಂಗೆ ಹೋಗಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಆ ಒಳ್ಳೆಯ ಮನುಷ್ಯನಿಗೆ ಕೊಟ್ಟ ಮಾತು ನಿಲ್ಲಬೇಕು. ಅದಕ್ಕೆ ಸ್ವಂತದ್ದೊಂದು ಗರಗಸ ತರುವುದೇ ಸರಿ ಎಂದು ತೀರ್ಮಾನಿಸಿ, ಅದೇ ರಾತ್ರಿ ಫೋನು ಹಿಡಿದು ಹುಡುಕಲು ಕೂತೆ.

ಓದುಗರೇ, ಬ್ಯಾಟರಿ ಗರಗಸದ ಲೋಕ ಎಷ್ಟು ವಿಶಾಲವೆಂದು ನಿಮಗೆ ಗೊತ್ತಿರಲಿಕ್ಕಿಲ್ಲ. ಒಂದೇ ಕೈಯಲ್ಲಿ ಹಿಡಿಯುವ ನಾಲ್ಕು ಇಂಚಿನದು ಇದೆ. ಅದು ಗುಲಾಬಿ ಗಿಡಕ್ಕೆ ಸರಿ. ಆರಿದೆ, ಎಂಟಿದೆ, ಹನ್ನೆರಡಿದೆ. ಹನ್ನೆರಡರದು ಹಿಡಿದರೆ ಮನೆಯವರು ನಮ್ಮ ಹತ್ತಿರ ಬರುವುದಿಲ್ಲ. ಡಬ್ಬಿಯ ಮೇಲಿನ ವೋಲ್ಟು ಬೇರೆ, ಒಳಗಿನ ಬ್ಯಾಟರಿಯ ವೋಲ್ಟು ಬೇರೆ ಎಂದು ತಿಳಿಯಲು ನನಗೆ ಒಂದು ವಾರ ಹಿಡಿಯಿತು. ಚೈನಿಗೆ ತಾನೇ ಎಣ್ಣೆ ಬಿಟ್ಟುಕೊಳ್ಳುವುದು ಒಂದು, ನಾವು ಬಿಡಬೇಕಾದದ್ದು ಇನ್ನೊಂದು. ಒಂದಕ್ಕೆ ಎರಡು ಬ್ಯಾಟರಿ ಕೊಡುತ್ತಾರೆ, ಚೈನು ಮಾತ್ರ ಒಂದೇ. ಇನ್ನೊಂದಕ್ಕೆ ಎರಡು ಚೈನು, ಬ್ಯಾಟರಿ ಒಂದು. ಖರೀದಿಸಿದವರ ಅಭಿಪ್ರಾಯ ಓದಿದರೆ ಒಬ್ಬ ಇದಕ್ಕಿಂತ ಉತ್ತಮ ಯಂತ್ರ ಭೂಮಿಯ ಮೇಲಿಲ್ಲ ಅನ್ನುತ್ತಾನೆ, ಅವನ ಕೆಳಗಿನವನು ಮೊದಲ ದಿನವೇ ಹೊಗೆ ಬಂತು ಅನ್ನುತ್ತಾನೆ. ವಿಡಿಯೋಗಳಲ್ಲಿ ಎತ್ತರದ ಬಿಳಿಯ ಜನ ಮೆತ್ತನೆಯ ಮರಗಳನ್ನು ಕಲ್ಲಂಗಡಿ ಹೋಳು ಮಾಡಿದಂತೆ ಕೊಯ್ಯುತ್ತಾರೆ. ಬೇವು ಕೊಯ್ದು ತೋರಿಸುವವನು ಒಬ್ಬನೂ ಸಿಗಲಿಲ್ಲ. ಆ ದಿನಗಳಲ್ಲಿ ನಾನು ಎಷ್ಟು ಸುಖವಾಗಿದ್ದೆ ಎಂದು ಈಗ ನೆನೆದರೂ ಮನಸ್ಸು ಅರಳುತ್ತದೆ.

ಎಷ್ಟು ಇಂಚಿನದು ಬೇಕೆಂದು ತಿಳಿಯಲು ಟೊಂಗೆ ಎಷ್ಟು ದಪ್ಪವಿದೆ ಎಂದು ತಿಳಿಯಬೇಕಲ್ಲ. ನಾನು ಬಬಲೇಶ್ವರದ ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು. ಟೊಂಗೆಗೆ ದಾರ ಸುತ್ತಿ, ಸುತ್ತಳತೆ ತೆಗೆದು, ಪೈಯಿಂದ ಭಾಗಿಸಿದರೆ ವ್ಯಾಸ ಬರುತ್ತದೆ. ಮೂವತ್ತು ವರ್ಷ ಮಕ್ಕಳಿಗೆ ಹೇಳಿದ್ದು ಮೊದಲ ಸಲ ಉಪಯೋಗಕ್ಕೆ ಬರುವುದಿತ್ತು. ಕಸ್ತೂರಿಯ ಬತ್ತಿ ಹೊಸೆಯುವ ಬಿಳಿ ನೂಲಿನ ಉಂಡೆ ತೆಗೆದುಕೊಂಡು ಹೋದೆ. ನಿಚ್ಚಣಿಕೆ ಹತ್ತುವ ಮೊದಲು ಅಭ್ಯಾಸಕ್ಕಿರಲಿ ಎಂದು ಬುಡದ ಅಳತೆ ತೆಗೆಯುತ್ತ, ನೂಲು ಹಿಡಿದು ಮರದ ಸುತ್ತ ಬಂದೆ. ಅವತ್ತು ಕಾರಹುಣ್ಣಿಮೆ ಎಂಬುದು ನನ್ನ ಲಕ್ಷ್ಯದಲ್ಲಿರಲಿಲ್ಲ. ಗಂಡನ ಆಯುಷ್ಯಕ್ಕೆಂದು ನಮ್ಮ ಕಡೆಯ ಅನೇಕ ಮನೆಗಳ ಹೆಣ್ಣುಮಕ್ಕಳು ಆಲದ ಮರಕ್ಕೆ ನೂಲು ಸುತ್ತುವ ದಿನ ಅದು. ಗೋಡೆಯಾಚೆಯಿಂದ ಸಾಹೇಬರ ದನಿ ಬಂತು. "ಮಾಸ್ತರ್ರ, ಅದು ಆಲದ ಗಿಡಕ್ಕ ಸುತ್ತೂದ್ರಿ. ಅದೂ ನಮ್ಮ ತಂಗೆವ್ವಾರು ಸುತ್ತಬೇಕು, ನೀವಲ್ಲ." ಒಳಗಿನಿಂದ ಕಸ್ತೂರಿ, "ಸುತ್ತಲಿ ಬಿಡ್ರಿ ಅಣ್ಣಾರ, ನನ್ನ ಆಯುಷ್ಯಾನೂ ಒಂದೀಟು ಹೆಚ್ಚಾಗ್ಲಿ," ಅಂದಳು. ಕೊನೆಗೆ ನಿಚ್ಚಣಿಕೆ ಹತ್ತಿ ಅಳೆದಾಗ ಟೊಂಗೆಯ ವ್ಯಾಸ ಆರು ಇಂಚಿನ ಹತ್ತಿರ ಬಂತು.

ಶಾಲೆಯಲ್ಲಿ ವಿಷಯ ತಿಳಿದದ್ದೇ ತಡ, ಪಾಠಕ್ಕಿಂತ ಹೆಚ್ಚಿನ ಉತ್ಸಾಹ ಸ್ಟಾಫ್ ರೂಮಿಗೆ ಬಂತು. ನಮ್ಮ ಪಿ.ಟಿ. ಮಾಸ್ತರರ ಮನೆಯಲ್ಲಿ ಪೆಟ್ರೋಲ್ ಗರಗಸವಿದೆ. "ಬ್ಯಾಟರೀದು ಅಂದ್ರ ಹುಡುಗೂರ ಆಟಿಗಿ ಸಾಮಾನ್ರಿ ಸರ್. ಹಗ್ಗಾ ಜಗ್ಗಿದ್ರ ಇಡೀ ಓಣಿಗೆ ಕೇಳಬೇಕ್ರಿ, ಅದು ಗರಗಸ!" ಅಂದರು. ಇಡೀ ಓಣಿಗೆ ಕೇಳುವುದೇ ನನಗೆ ಬೇಡವಾಗಿತ್ತು. ವೈರ್ ಹಚ್ಚುವ ಗರಗಸ ಹಗುರ, ಬೆಲೆಯೂ ಕಡಿಮೆ ಎಂದು ಇನ್ನೊಬ್ಬರು ಹೇಳಿದ್ದನ್ನು ಮನೆಗೆ ತಂದೆ. ಕಸ್ತೂರಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ನೀವು ಮೊದಲ ಆ ವೈರ್ ಕಡೀತೀರಿ, ಆಮ್ಯಾಲ ಗಿಡಾ," ಅಂದಳು. ನನ್ನನ್ನು ಇಷ್ಟು ಚೆನ್ನಾಗಿ ಬಲ್ಲವರು ಬೇರೆ ಯಾರೂ ಇಲ್ಲ. ವೈರಿನದನ್ನು ಅಲ್ಲಿಗೇ ಬಿಟ್ಟೆ.

ಒಂದು ರವಿವಾರ ತಿಕೋಟಾಕ್ಕೆ ಹೋದೆ. ಅಲ್ಲಿ ಕಸ್ತೂರಿಯ ತಮ್ಮ ಗುರುಲಿಂಗನ ದ್ರಾಕ್ಷಿ ತೋಟವಿದೆ. ಬಳ್ಳಿ ಕತ್ತರಿಸುವ ಕೆಲಸಕ್ಕೆ ಆ ಕಡೆ ಚಾಟ್ನಿ ಅನ್ನುತ್ತಾರೆ. ಚಾಟ್ನಿಗೆಂದು ಅವನು ಒಂದು ಬ್ಯಾಟರಿ ಕತ್ತರಿ ಇಟ್ಟುಕೊಂಡಿದ್ದಾನೆ. ಬ್ಯಾಟರಿಯ ಸ್ವಭಾವ ತಿಳಿದವನು ಎಂದು ಅವನ ಮುಂದೆ ನನ್ನ ಸಂಶೋಧನೆಯನ್ನೆಲ್ಲ ಬಿಚ್ಚಿಟ್ಟೆ. ಪೂರ್ತಿ ಕೇಳಿ, ಎರಡು ಕಿಲೋ ಒಣದ್ರಾಕ್ಷಿಯ ಪಾಕೀಟು ತಂದು ನನ್ನ ಕೈಗೆ ಕೊಟ್ಟ. "ಮಾಮಾ, ಇದನ್ನ ತಲಿ ಮ್ಯಾಲ ಎತ್ತಿ ಹಿಡೀರಿ. ಅಂಗಡ್ಯಾಗ ಎಲ್ಲಾ ಹಗರ ಇರ್ತಾವ. ನಿಚ್ಚಣಿಕಿ ಮ್ಯಾಲ ನಿಂತಾಗ ಗೊತ್ತಾಕ್ಕೇತಿ." ಹಿಡಿದೆ. ಅವನು ಚಹಾ ತರಲು ಒಳಗೆ ಹೋದವನು ಯಾರದೋ ಫೋನು ಬಂತೆಂದು ಅಲ್ಲೇ ನಿಂತ. ಹೊರಗೆ ಬಂದು ನೋಡಿ, "ಇನ್ನೂ ಹಿಡದೀರೇನ್ರಿ? ಇಳಸ್ರಿ!" ಅಂದ. ನನ್ನ ಎರಡೂ ತೋಳು ನಡುಗುತ್ತಿದ್ದವು. ಆ ಪಾಕೀಟು ನನ್ನ ಜೊತೆಗೇ ವಿಜಯಪುರಕ್ಕೆ ಬಂತು, ಅವತ್ತು ರಾತ್ರಿ ಪಾಯಸವಾಯಿತು. ಹನ್ನೆರಡು ಇಂಚಿನ ಕನಸನ್ನು ಕೈಬಿಟ್ಟು ಎಂಟು ಇಂಚಿಗೆ ಇಳಿದೆ.

ಇಷ್ಟಾದರೂ ಕೊಂಡೆನೇ? ಇಲ್ಲ. ಪೇಟೆಯ ಯಂತ್ರದಂಗಡಿಗೆ ಶಾಲೆ ಬಿಟ್ಟ ಮೇಲೆ ಹೋಗುವುದು ರೂಢಿಯಾಯಿತು. ಅಂಗಡಿಯವರು ನನ್ನನ್ನು ಕಂಡ ಕೂಡಲೇ ಗರಗಸ ತೆಗೆಯುವುದನ್ನು ಬಿಟ್ಟು ಸ್ಟೂಲು ತೆಗೆಯತೊಡಗಿದರು. ಒಂದು ದಿನ ಅವರು ಹೊರಗೆ ಹೋಗಿದ್ದಾಗ ಇಟ್ಟಂಗಿಹಾಳದ ರೈತರೊಬ್ಬರು ಬಂದು ನನ್ನನ್ನೇ ಮಾಲೀಕನೆಂದು ತಿಳಿದು ಗರಗಸ ಕೇಳಿದರು. ನಾನು ಇಂಚು, ವೋಲ್ಟು, ಎಣ್ಣೆ, ಚೈನು ಬಿಗಿಮಾಡುವ ಬಗೆ, ಬೆರಳು ಕಾಯುವ ಗುಂಡಿ ಎಲ್ಲ ವಿವರಿಸಿದೆ. "ನಿಮಗ ಯಾವ್ದು ಛಲೋ ಅನಸ್ತೇತ್ರಿ?" ಅಂದರು. ಬೆರಳು ತೋರಿಸಿದೆ. ಅಂಗಡಿಯವರು ಬರುತ್ತಲೇ ಕಟ್ಟಿಸಿಕೊಂಡು ಹೋಗೇಬಿಟ್ಟರು. ಆ ವೇಗ ಕಂಡು ಎದೆ ಝಲ್ಲೆಂದಿತು. ಸಂಜೆ ಕಟ್ಟೆಯ ಮೇಲೆ ಇದನ್ನೆಲ್ಲ ದಸ್ತಗೀರ್ ಸಾಹೇಬರಿಗೆ ಹೇಳುವುದು ನನ್ನ ದಿನಚರಿ. ಅವರು "ಹೌದ?" "ಅರೆ!" "ಆಮ್ಯಾಲೇನಾತ್ರಿ?" ಎಂದು ಕೇಳುತ್ತಿದ್ದರು. ಪಂಚಮಿ ಹೋಯಿತು, ಗಣಪತಿ ಬಂದು ಹೋದ. ಟೊಂಗೆಯನ್ನು ನೋಡಿದಾಗಲೆಲ್ಲ, ಪಾಪ ಇವರ ಪ್ಲೇಟು ನೆರಳಲ್ಲೇ ಕೂತಿದೆಯಲ್ಲ ಎಂದು ಸಂಕಟವಾಗುತ್ತಿತ್ತು. ಆ ಸಂಕಟದಲ್ಲಿ ಇನ್ನಷ್ಟು ಶ್ರದ್ಧೆಯಿಂದ ಆರಿಸುತ್ತಿದ್ದೆ.

ಕೊನೆಗೆ ಮಹಾನವಮಿ ಅಮಾವಾಸ್ಯೆಯ ದಿನ ಕೊಂಡುತಂದೆ. ಎಂಟು ಇಂಚು, ಎರಡು ಬ್ಯಾಟರಿ, ಎರಡು ಚೈನು. ಕಸ್ತೂರಿ ಅದನ್ನು ತಿರುವಿ ಮುರುವಿ ನೋಡಿ, "ಇದಕ್ಕ ಯಾವ ಎಣ್ಣಿ? ಕುಸಬಿದೋ, ಶೇಂಗಾದೋ?" ಎಂದು ಕೇಳಿದಳು. ಆಮೇಲೆ ಗಂಭೀರವಾದಳು. "ನೋಡ್ರಿ, ಬೇವಿನ ಗಿಡ ಅಂದ್ರ ದೇವಿ. ಕೇಳಲಾರದ ಕಡೀಬ್ಯಾಡ್ರಿ. ನಾ ಉಡಿ ತುಂಬಿ ಕೇಳಕೋತೀನಿ, ಆಮ್ಯಾಲ ಕಡೀರಿ. ನಾಳಿಂದ ನವರಾತ್ರಿ, ಘಟ ಕುಂದ್ರತಾವ, ಇವತ್ತ ಮುಗಸ್ರಿ." ಸರಿಯಾದ ಮಾತು. ಅವಳು ಬುಡಕ್ಕೆ ನೀರು ಹಾಕಿ, ಅರಿಶಿನ ಕುಂಕುಮ ಹಚ್ಚಿ, ಕುಪ್ಪಸದ ಹಸಿರು ಖಣ ಕಟ್ಟಿ, ಅಕ್ಕಿ, ಉತ್ತತ್ತಿ, ಅರಿಶಿನ ಬೇರು ಇಟ್ಟು ಉಡಿ ತುಂಬಿದಳು. ನಾನು ನಿಚ್ಚಣಿಕೆ ಇಟ್ಟು ಗುಂಡಿ ಒತ್ತಿದೆ. ಸದ್ದಿಲ್ಲ. ಮೊದಲ ಸಲ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿಯೇ ಬಳಸಬೇಕೆಂದು ಎಲ್ಲ ಅಭಿಪ್ರಾಯಗಳಲ್ಲೂ ಓದಿ, ಇತರರಿಗೂ ಹೇಳಿದ್ದ ನಾನು, ಚಾರ್ಜಿಗೆ ಹಚ್ಚುವುದನ್ನೇ ಮರೆತಿದ್ದೆ. ಚಾರ್ಜರಿನ ದೀಪ ಹಸಿರಾಗುವಷ್ಟರಲ್ಲಿ ಹೊತ್ತು ಮುಳುಗಿತು. "ದೀಪಾ ಹಚ್ಚಿದ ಮ್ಯಾಲ ಗಿಡಾ ಮುಟ್ಟಬಾರದ್ರಿ, ಮಲಗಿರ್ತಾವು," ಎಂದಳು ಕಸ್ತೂರಿ. ಬೆಳಗ್ಗೆ ಘಟ ಹಾಕುವ ಮೊದಲೇ ಎದ್ದು ಮುಗಿಸಿದರಾಯಿತು ಎಂದುಕೊಂಡೆ.

ಎದ್ದದ್ದೂ ಆಯಿತು. ಒಂದು ಕೈಯಲ್ಲಿ ಗರಗಸ, ಇನ್ನೊಂದರಲ್ಲಿ ನಿಚ್ಚಣಿಕೆ ಹಿಡಿದು ಬಾಗಿಲು ತೆರೆದರೆ ಅಂಗಳದ ತುಂಬ ಆರತಿ ತಟ್ಟೆ ಹಿಡಿದ ಹೆಣ್ಣುಮಕ್ಕಳು. ನವರಾತ್ರಿಯಲ್ಲಿ ಅವರು ದಿನಾಲು ನಸುಕಿನಲ್ಲಿ ದೂರದ ಬನ್ನಿ ಮರಕ್ಕೆ ಪೂಜೆಗೆ ಹೋಗುತ್ತಾರೆ. ಹೋಗುವ ದಾರಿಯಲ್ಲಿ ನಮ್ಮ ಬೇವು ಖಣ ಉಟ್ಟು, ಉಡಿ ತುಂಬಿಸಿಕೊಂಡು ನಿಂತದ್ದು ಕಂಡಿದೆ. ಹಾಗೇ ಹೇಗೆ ದಾಟಿ ಹೋಗುತ್ತಾರೆ? ಓಣಿಯ ಹಿರಿಯಳು ನೀಲವ್ವ ಕಸ್ತೂರಿಯ ಗದ್ದ ಹಿಡಿದು, "ಛಲೋ ಕೆಲಸಾ ಮಾಡೀದಿ ಬೇ. ಮುದುಕ್ಯಾರಿಗೆ ಬನ್ನಿ ಗಿಡಾ ದೂರ ಆಗಿತ್ತು, ತಾಯಿ ಇಲ್ಲೇ ಬಂದ್ಲು," ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಕೈಯಾಗ ಅದೇನ್ರಿ ಮಾಸ್ತರ?" ಅಂದಳು. ಇಡೀ ಅಂಗಳ ನನ್ನನ್ನೇ ನೋಡಿತು. "ಖಂಡೇ ಪೂಜಿಗೆ ತಂದೀನ್ರಿ ಅವ್ವಾರ," ಅಂದೆ. ಹತ್ಯಾರಗಳನ್ನು ಪೂಜಿಸುವ ದಿನಕ್ಕೆ ಇನ್ನೂ ಬಹಳ ದಿನವಿತ್ತು, ಆದರೆ ಯಾರೂ ಕೇಳಲಿಲ್ಲ. ನಾಲ್ಕು ದಿನದಲ್ಲಿ ಮರಕ್ಕೆ ಬಳೆ ಬಂದವು, ಬುಡಕ್ಕೆ ಸುಣ್ಣ ಬಂತು, ಯಾರೋ ಟೊಂಗೆಗೆ ದೀಪದ ಸರ ಹಾಕಿದರು, ಅದೇ ಟೊಂಗೆಗೆ. ಇನ್ನು ಅದನ್ನು ಕಡಿಯುವುದೆಂದರೆ ಊರು ಬಿಡಬೇಕು. ಖಂಡೇ ಪೂಜೆಯ ದಿನ ಗರಗಸ ಸ್ಕ್ರೂಡ್ರೈವರಿನ ಪಕ್ಕದಲ್ಲಿ ಕುಂಕುಮ ಹಚ್ಚಿಸಿಕೊಂಡು ಕೂತಿತು.

ದಸರೆಯ ಸಂಜೆ ಬನ್ನಿ ಎಲೆ ಹಿಡಿದು ಸಾಹೇಬರ ಮನೆಗೆ ಹೋದೆ. ನನಗೆ ನಿಜಕ್ಕೂ ದುಃಖವಾಗಿತ್ತು. "ಬಂಗಾರ ತಗೊಂಡು ಬಂಗಾರದಂಗ ಇರೋಣ್ರಿ," ಎಂದು ಎಲೆ ಕೊಟ್ಟೆ, ಅವರು ಅಪ್ಪಿಕೊಂಡರು. ಹಾಲ್‌ನಲ್ಲಿ ಕೂತ ಮೇಲೆ, "ಸಾಹೇಬ್ರ, ನನ್ನ ಮಾತು ನಡೀಲಿಲ್ರಿ. ಇನ್ನ ಆ ಟೊಂಗಿ ಕಡಿಯಾಕ ಬರೂದಿಲ್ಲ. ನಿಮ್ಮ ಪ್ಲೇಟು ನೆಳ್ಳಾಗ ಉಳೀತು," ಎಂದು ತಲೆ ತಗ್ಗಿಸಿದೆ.

"ಯಾವ ಪ್ಲೇಟ್ರಿ? ಪಂಚಮಿಗಿಂತ ಮೊದಲ ಅದನ್ನ ಹಾಕಿದ ಮಂದೀನ ಕರಸಿ ಈ ಬಾಜೂಕ ಸರಸೀನಲ್ರಿ. ಮುಂಜಾನಿಂದ ಸಂಜೀತನಕ ಬಿಸಲ ಬೀಳತೈತಿ," ಅಂದರು ಅವರು.

ನಮ್ಮ ಅಂಗಳದಲ್ಲಿ ನಿಂತರೆ ಅವರ ಮಾಳಿಗೆಯ ಮೇಲಿರುವುದು ಕಾಣುವುದಿಲ್ಲ. ಕಂಡರೂ ನಾನು ನೋಡುತ್ತಿದ್ದದ್ದು ಫೋನು. "ಮತ್ತ ನನಗ ಯಾಕ ಹೇಳಲಿಲ್ರಿ?" ಎಂದೆ.

ಸಾಹೇಬರು ಸ್ವಲ್ಪ ನಾಚಿಕೊಂಡರು. "ಏನ್ ಹೇಳೂದ್ರಿ ಮಾಸ್ತರ್ರ. ದಿನಾ ಸಂಜಿಕ ಬಂದು ಆ ಗರಗಸದ ಮಾತ ಹೇಳತಿದ್ರಿ. ಎಷ್ಟ ಖುಷೀಲೆ ಇರತಿದ್ರಿ ಅಂತೀರಿ! ಪ್ಲೇಟ ಸರಸೀನಿ ಅಂದಿದ್ರ ನೀವು ಅದನ್ನ ಬಿಟ್ಟ ಬಿಡತಿದ್ರಿ. ಯಾಕ ಕೆಡಸೂದಂತ ಸುಮ್ನಿದ್ದೆ."

ಚಹಾ ಬಂತು, ಕುಡಿದೆವು. ಇನ್ನು ಸಂಜೆ ಕಟ್ಟೆಯ ಮೇಲೆ ಕೂತು ಹೇಳುವುದಕ್ಕೆ ನನ್ನಲ್ಲಿ ಏನೂ ಉಳಿದಿಲ್ಲ ಎಂಬುದು ಅವರಿಗೂ ಹೊಳೆದಿರಬೇಕು. ಕಪ್ಪು ಕೆಳಗಿಟ್ಟು, ಕೆಮ್ಮಿ, "ಅಂದಂಗ ಮಾಸ್ತರ್ರ, ನಮ್ಮ ಮನಿಗೊಂದು ಏರ್ ಕೂಲರ್ ತಗೋಬೇಕಂತ ಮಾಡೀನ್ರಿ. ನನಗೇನೂ ತಿಳ್ಯಂಗಿಲ್ಲ. ನೀವ ಒಂದೀಟ ನೋಡಿ ಹೇಳಬೇಕು," ಎಂದರು.

ಹೋದ ಬೇಸಿಗೆಯಲ್ಲಷ್ಟೇ ಕೊಂಡ ಅವರ ದೊಡ್ಡ ಕೂಲರ್ ಕಿಟಕಿಯ ಬಳಿ ನಿಂತು ನಮ್ಮಿಬ್ಬರ ಮೇಲೂ ತಣ್ಣಗೆ ಗಾಳಿ ಬಿಡುತ್ತಿತ್ತು. ನಾನು ಅದನ್ನು ನೋಡಿದೆ. ಅವರೂ ನೋಡಿದರು. ಆಮೇಲೆ ನಾನು ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡು ಕೇಳಿದೆ:

"ನೀರಿನ ಟ್ಯಾಂಕು ಎಷ್ಟು ಲೀಟರಿಂದು ಬೇಕಂತೀರಿ?"