ಹೊಳೆಮಣ್ಣೂರಿಗೆ ಬಂದ ತಗಡುಗಳ ವಿಷಯವಾಗಿ

ರೋಣ, ತಾರೀಖು ೧೦ ಜೂನ್ ೧೯೫೫

ಗಜೇಂದ್ರಗಡದ ಅರಳೆ ವ್ಯಾಪಾರಸ್ಥರೂ, ಈ ಭಾಗದಿಂದ ಆರಿಸಿ ಬಂದ ಮೆಂಬರರೂ, ನೆರೆ ಪರಿಹಾರ ಕಮಿಟಿಯ ಅಧ್ಯಕ್ಷರೂ ಆದ ಶ್ರೀಮಾನ್ ಅರ್ಜುನಪ್ಪ ಸಾಹುಕಾರರಿಗೆ, ರೋಣದ ಕಚೇರಿಯ ಮುಂದೆ ಬೇವಿನ ಗಿಡದ ಕೆಳಗೆ ಕುಳಿತು ಮಂದಿಯ ಅರ್ಜಿ ಬರೆದುಕೊಟ್ಟು ಬದುಕುವ ದ್ಯಾಮಪ್ಪನು ನಡು ಬಾಗಿಸಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ಬರುವ ಸೋಮವಾರ ನರಗುಂದದಲ್ಲಿ ತಮ್ಮ ಅಭಿಮಾನಿಗಳು ತಮಗೆ ಸತ್ಕಾರ ಮಾಡಲಿರುವರೆಂದೂ, ಅಲ್ಲಿ ಓದಬೇಕಾದ ಮಾನಪತ್ರವನ್ನು ನಾನೇ ಬರೆಯಬೇಕೆಂದೂ ತಮ್ಮ ಗುಮಾಸ್ತ ಟಿಪ್ಪುಸಾಬನ ಕೈಯಲ್ಲಿ ಹೇಳಿ ಕಳಿಸಿದಿರಿ. “ದ್ಯಾಮಪ್ಪಣ್ಣ, ಅಕ್ಷರ ದುಂಡಗಿರ್ಲಿ, ಕೋರ್ಟಿನ ಸುದ್ದಿ ಒಂದು ಬ್ಯಾಡಂತ” ಎಂದು ಅವನು ಬಹಳ ನಾಚಿಕೆಯಿಂದಲೇ ಹೇಳಿದ. ತಮ್ಮ ಗುಣಗಳನ್ನು ಬರೆಯಲು ಕುಳಿತರೆ ಕೋರ್ಟನ್ನು ದಾಟಿ ಹೋಗುವ ದಾರಿಯೇ ನನಗೆ ಸಿಗಲಿಲ್ಲವಾದ್ದರಿಂದ, ಮಾನಪತ್ರದ ಬದಲು ಈ ಪತ್ರವನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ದಯಮಾಡಿ ಕ್ಷಮಿಸಬೇಕು.

ಹೋದ ಶ್ರಾವಣದಲ್ಲಿ ಮಲಪ್ರಭೆ ಹೊಳೆಮಣ್ಣೂರಿನ ಕೆಳಗೇರಿಯೊಳಗೆ ಬಂದು ಮೂರು ದಿನ ನಿಂತು, ಹೋಗುವಾಗ ನಲವತ್ತು ಮನೆಗಳ ಮಣ್ಣಿನ ಗೋಡೆಗಳನ್ನೂ ಮಾಳಿಗೆಗಳನ್ನೂ ಕರಗಿಸಿಕೊಂಡು ಹೋದದ್ದು ತಮಗೆ ನೆನಪಿರಬಹುದು. ಆ ಮನೆಗಳ ಮೇಲೆ ಹೊದಿಸಲೆಂದು ಸರಕಾರ ತಗಡುಗಳನ್ನು ಕಳಿಸಿತು. ಹಂಚುವ ಭಾರವನ್ನು ತಾವು ಯಾರೂ ಬೇಡುವ ಮೊದಲೇ ಹೊತ್ತುಕೊಂಡಿರಿ. ನನ್ನ ಅಕ್ಷರ ಚೆನ್ನಾಗಿದೆಯೆಂದು ಗಜೇಂದ್ರಗಡಕ್ಕೆ ಕರೆಸಿ, ತಮ್ಮ ಹೊಸ ಗೋದಾಮಿನಲ್ಲಿ, ಆ ತಗಡುಗಳ ಪಕ್ಕದಲ್ಲೇ ಚಾಪೆ ಹಾಸಿ ಕೂಡಿಸಿ, ಚಹಾ ಕೊಟ್ಟು, “ಹೆಸರ ಬರಿ, ಮುಂದ ಜಾಗಾ ಬಿಡು. ಊರಿಗೆ ಹೋಗಿ ಕೊಟ್ಟು, ಹೆಬ್ಬೆಟ್ಟು ನಾನ ಒತ್ತಿಸಿಕೊಂಡು ಬರ್ತೀನಿ” ಎಂದಿರಿ. ನಾನು ನಲವತ್ತು ಹೆಸರು ಬರೆದೆ, ಜಾಗ ಬಿಟ್ಟೆ, ಚಹಾ ಬಹಳ ರುಚಿಯಾಗಿತ್ತೆಂದು ಮನೆಗೆ ಬಂದು ಹೊಗಳಿದೆ. ಮುಂದಿನದನ್ನು ಕೇಳಲಿಲ್ಲ. ಅದು ನನ್ನ ತಪ್ಪು; ಅದರ ಪಾಲನ್ನು ತಮಗೆ ಕೊಡುವಷ್ಟು ಉದಾರಿ ನಾನಲ್ಲ.

ದೀಪಾವಳಿ ಮುಗಿದ ಮೇಲೆ ಹೊಳೆಮಣ್ಣೂರಿನ ಹೊಳೆವ್ವ ನನ್ನ ಬೇವಿನ ಗಿಡದ ಕೆಳಗೆ ಬಂದು ಕುಳಿತಳು. ಗಂಡ ಕರೆಪ್ಪ ತೀರಿಕೊಂಡ ಮೇಲೆ ಕೂಲಿಯಿಂದಲೇ ಇಬ್ಬರು ಹೆಣ್ಣುಮಕ್ಕಳನ್ನು ಸಾಕುತ್ತಿದ್ದ ಹೆಂಗಸು. ನೆರೆಯ ದಿನದಿಂದ ಊರ ಶಾಲೆಯ ಪಡಸಾಲೆಯಲ್ಲೇ ಸಂಸಾರ. ತಗಡು ಬೇಕೆಂದು ಅರ್ಜಿ ಬರೆಯಿರಿ ಎಂದಳು.

“ನಿನಗ ತಗಡು ಮುಟ್ಟ್ಯಾವಲ್ಲ ಹೊಳೆವ್ವ? ನಿನ್ನ ಹೆಸರ ಪಟ್ಟಿಯೊಳಗ ನಾನ ಬರದೀನಿ” ಎಂದೆ.

“ಹೆಸರ ಬರದಿದ್ದೀರಿ ಖರೇ. ಹೆಸರಿನ ಕೆಳಗ ಮಲಗಿದ್ರ ಮಳಿ ನಿಂದರತೈತೇನ್ರಿ?”

ನಾನು ಅರ್ಜಿ ಬರೆದು, ಮಸಿಯ ಡಬ್ಬಿ ಮುಂದಿಟ್ಟೆ. ಅವಳು ಬಲಗೈ ಚಾಚಿದಳು. ಎಡಗೈಯದು ಒತ್ತಬೇಕವ್ವಾ ಎಂದಾಗ, “ಅದು ಇದ್ದರ ಒತ್ತತಿದ್ನಲ್ಲರಿ” ಎಂದು ಸೆರಗಿನೊಳಗಿನ ಎಡಗೈಯನ್ನು ತೆಗೆದು ತೋರಿಸಿದಳು. ಹತ್ತು ವರ್ಷದ ಹಿಂದೆ ಜೋಳದ ಕಣಿಕೆ ಕಡಿಯುವಾಗ ಕೊಡಲಿ ತಪ್ಪಿ, ಹೆಬ್ಬೆರಳು ಬುಡದಿಂದಲೇ ಹೋಗಿತ್ತು. ಮಂದಿ ನೋಡಿ ಮರುಗುವುದು ಬೇಡವೆಂದು ಆ ಕೈಯನ್ನು ಅವಳು ಯಾವಾಗಲೂ ಸೆರಗಿನಲ್ಲೇ ಇಟ್ಟುಕೊಳ್ಳುತ್ತಿದ್ದಳು.

ಮಾನ್ಯರೇ, ಆ ದಿನವೇ ನಾನು ಕಚೇರಿಯೊಳಗೆ ಹೋಗಿ ಕೈಮುಗಿದು ಬೇಡಿಕೊಂಡು ಪಟ್ಟಿಯನ್ನು ನೋಡಿದೆ. ನಾನು ಬಿಟ್ಟ ಜಾಗದಲ್ಲಿ, ಹೊಳೆವ್ವನ ಹೆಸರಿನ ಮುಂದೆ, ಎಡಗೈ ಹೆಬ್ಬೆಟ್ಟು ಹುಣ್ಣಿಮೆಯ ಚಂದ್ರನಂತೆ ದುಂಡಗೆ ಮೂಡಿತ್ತು. ಹುಬ್ಬಳ್ಳಿಯ ದೊಡ್ಡ ದವಾಖಾನೆಯವರೂ ಕೈಚೆಲ್ಲಿದ ಬೆರಳನ್ನು ತಾವು ಒಂದು ಚೂರು ಮಸಿಯಿಂದ ಬೆಳೆಸಿಬಿಟ್ಟಿದ್ದಿರಿ! ಇಂಥ ಕೈಗುಣವುಳ್ಳವರು ತಗಡು ಹಂಚುತ್ತ ಕಾಲ ಕಳೆಯುವುದು ಅನ್ಯಾಯವೇ ಸರಿ. ನನ್ನ ಸೋದರತ್ತೆ ಮುದುಕವ್ವನಿಗೆ ಎರಡೂ ಕಣ್ಣು ಕಾಣುವುದಿಲ್ಲ. ತಮ್ಮ ಯಾವುದಾದರೂ ಪಟ್ಟಿಯಲ್ಲಿ ಆಕೆಗೆ ಕಣ್ಣು ಮುಟ್ಟಿದ ಬಗ್ಗೆ ಒಂದು ಸಾಲು ಬರೆಸಿ ಕೊಡಬೇಕು. ನನ್ನ ಮುಂದಿನ ನಾಲ್ಕು ಹಲ್ಲು ಹೋಗಿವೆ. ಅವಕ್ಕೂ ಒಂದು ರಸೀದಿಯಾದರೆ ಸಾಯುವವರೆಗೆ ಚುರುಮುರಿ ತಿಂದುಕೊಂಡು ತಮ್ಮನ್ನು ನೆನೆಯುವೆ.

ಆದರೂ ನನಗೆ ಹೆದರಿಕೆಯಾಯಿತೆಂಬುದನ್ನು ಮುಚ್ಚಿಡುವುದಿಲ್ಲ. ಹೆಬ್ಬೆಟ್ಟು ಯಾರದೇ ಇರಲಿ, ಅಕ್ಷರ ನನ್ನದು. ಬಾಯಿ ಬಿಟ್ಟರೆ ಮೊದಲು ನಾನೇ ಸಿಕ್ಕಿಬೀಳುವೆನೆಂದು ಎರಡು ದಿನ ಗಿಡದ ಕೆಳಗೆ ಹೋಗದೆ ಮನೆಯಲ್ಲೇ ಕುಳಿತೆ. ನನ್ನ ಹೆಂಡತಿ ಸಕ್ರವ್ವ ರೊಟ್ಟಿ ಬಡಿಯುತ್ತಲೇ ಎಲ್ಲವನ್ನೂ ಕೇಳಿಸಿಕೊಂಡು, “ಬರದವ್ರು ನೀವು, ಹೇಳಾವ್ರೂ ನೀವ ಆಗ್ರಿ. ಆಕಿ ಸಾಲಿ ಪಡಸಾಲ್ಯಾಗ ಮಲಗಿರ್ತಾಳ, ನಿಮಗ ನಮ್ಮ ಮನ್ಯಾಗ ನಿದ್ದಿ ಹ್ಯಾಂಗ ಹತ್ತತೈತಿ?” ಎಂದಳು. ನಾನು ಪೋಲೀಸ್ ಫೌಜದಾರರ ಮುಂದೆ ಹೋಗಿ, ಪಟ್ಟಿ ಬರೆದವನು ನಾನೆಂದೂ, ಬರೆಯುವಾಗ ಹೆಬ್ಬೆಟ್ಟುಗಳು ಇರಲಿಲ್ಲವೆಂದೂ ಹೇಳಿಕೆ ಕೊಟ್ಟೆ. ಆಗ ತಾವು ಸಿಟ್ಟಾಗದೆ, ಗೋದಾಮಿನಲ್ಲಿ ನನಗೊಂದು ಗುಮಾಸ್ತನ ಖುರ್ಚಿ ಹಾಕಿಸುವುದಾಗಿ ಟಿಪ್ಪುಸಾಬನೊಡನೆ ಹೇಳಿ ಕಳಿಸಿದ ದೊಡ್ಡತನವನ್ನು ಮರೆಯಲಾರೆ. ಆ ಹೊತ್ತಿಗೆ ಪೋಲೀಸರು ಗೋದಾಮಿನ ಮಾಡು ಹತ್ತಿ, ಸರಕಾರದ ಗುರುತಿದ್ದ ತಗಡುಗಳನ್ನು ಬಿಚ್ಚಿ ಇಳಿಸುತ್ತಿದ್ದರು. ಮಾಡಿಲ್ಲದ ಕಡೆ ಖುರ್ಚಿಯಲ್ಲಿ ಕೂಡಲು ಮನಸ್ಸಾಗಲಿಲ್ಲ.

ಕೋರ್ಟಿನಲ್ಲಿ ತಮ್ಮ ವಕೀಲರು ಹೊಳೆವ್ವನಿಗೆ ಪಟ್ಟಿಯನ್ನು ತೋರಿಸಿ, ತಗಡು ಕೊಟ್ಟದ್ದು ನಿಜ, ಇವಳೇ ಅದನ್ನು ತಮಗೆ ಮಾರಿಕೊಂಡಿದ್ದಾಳೆ ಎಂದು ಗಟ್ಟಿ ದನಿಯಲ್ಲಿ ವಾದಿಸಿದರು. “ಈ ಎಡಗೈ ಹೆಬ್ಬೆಟ್ಟು ನಿಂದ ಹೌದೋ ಅಲ್ಲೋ? ದೇವರ ಮ್ಯಾಲ ಆಣಿ ಮಾಡಿ ಹೇಳು.”

ಹೊಳೆವ್ವ ಸೆರಗಿನಿಂದ ಕೈ ತೆಗೆದು ಕಟಕಟೆಯ ಮೇಲಿಟ್ಟಳು. “ನಂದ ಆಗಿದ್ರ ಕೊಟ್ಟುಬಿಡ್ರಿ ವಕೀಲ ಸಾಹೇಬ್ರ. ಹತ್ತು ವರ್ಷ ಆತು, ಅದಿಲ್ದ ಹೊಲದಾಗ ಕಸ ಸೆದಿ ಕೀಳಾಕ ಭಾಳ ತ್ರಾಸ ಆಗೇತಿ.”

ಫ್ಯಾನಿಲ್ಲದ ಆ ಕೋಣೆಯಲ್ಲಿ ತಮ್ಮ ವಕೀಲರು ಕಾಗದಗಳನ್ನು ಕೂಡಿಸಿಕೊಂಡು ಕುಳಿತರು. ಮ್ಯಾಜಿಸ್ಟ್ರೇಟ್ ಸಾಹೇಬರು ಆ ಕೈಯನ್ನು ಬಹಳ ಹೊತ್ತು ನೋಡಿ, ಪಟ್ಟಿಯನ್ನೂ ಆರೋಪಿಗಳಾದ ತಮ್ಮ ಬೆರಳ ಗುರುತನ್ನೂ ಪುಣೆಯ ತಜ್ಞರಿಗೆ ಕಳಿಸುವಂತೆ ಆಜ್ಞೆ ಮಾಡಿದರು. ತಿಂಗಳ ಮೇಲೆ ಉತ್ತರ ಬಂತು: ನಲವತ್ತೂ ಹೆಬ್ಬೆಟ್ಟುಗಳು ಒಬ್ಬರವೇ, ಮತ್ತು ಆ ಒಬ್ಬರು ತಾವೇ. ಮರಾಠಿ, ಕನ್ನಡ, ಇಂಗ್ಲಿಷು ಮೂರರಲ್ಲೂ ಸಹಿ ಮಾಡಬಲ್ಲ ತಾವು ಬಡವರ ಸಲುವಾಗಿ ನಲವತ್ತು ಸಲ ನಿರಕ್ಷರಿಯಾದಿರಿ. ಓಟು ಕೇಳಲು ಬಂದಾಗ ‘ನಾನೂ ನಿಮ್ಮವನೇ’ ಎಂದಿದ್ದಿರಿ. ಅದನ್ನು ಇಷ್ಟು ಅಕ್ಷರಶಃ ನಡೆಸಿಕೊಟ್ಟ ನಾಯಕರನ್ನು ನಾನು ಬೇರೆ ಕಂಡಿಲ್ಲ.

ತಮಗೆ ಒಂದು ವರ್ಷದ ಸಜೆಯಾಯಿತು. ಆರಿಸಿ ಬಂದವರಿಗೆ ಬೇರೆ ಕಾನೂನಿಲ್ಲ ಎಂದು ಸಾಹೇಬರು ತೀರ್ಪಿನಲ್ಲಿ ಬರೆದರು. ಕೇಳದೆ ಬರೆದ ನನ್ನ ಬೇಜವಾಬ್ದಾರಿಯ ಬಗ್ಗೆಯೂ ಎರಡು ಸಾಲು ಬರೆದಿದ್ದಾರೆ. ಅವು ನನಗೆ ತಕ್ಕವೇ. ಅದೇ ವಾರ ತಾವು ಅಪೀಲು ಹಾಕಿ, ಜಾಮೀನಿನ ಮೇಲೆ ಹೊರಗೆ ಬಂದಿರಿ. ತಗಡುಗಳು ಮಾತ್ರ ಕಚೇರಿಯ ಅಂಗಳದಲ್ಲಿ ಬಿದ್ದುಕೊಂಡವು. ಅಪೀಲು ಮುಗಿಯುವ ತನಕ ಅವು ಮುದ್ದೇಮಾಲು, ಅಂದರೆ ಖಟ್ಲೆಯ ವಸ್ತು, ಮುಟ್ಟುವಂತಿಲ್ಲ ಎಂದು ಕಾರಕೂನರು ಹೇಳಿದರು. ಹೊಳೆವ್ವ ಹೊಸದಾಗಿ ಎಬ್ಬಿಸಿದ ಗೋಡೆಗಳ ಮೇಲೆ ಆಗಲೇ ಮೋಡ ಕವಿಯುತ್ತಿತ್ತು.

ಅವಳು ಕಾರಕೂನರನ್ನು ದಾಟಿ ಸಾಹೇಬರೆದುರು ಹೋಗಿ ನಿಂತಳು. “ಕದ್ದವ್ರಿಗೆ ಜಾಮೀನ ಕೊಟ್ಟೀರಿ, ಚಲೋ ಆತ್ರಿ. ಏನೂ ತಪ್ಪು ಮಾಡದ ತಗಡಿಗೆ ಯಾಕ ಜಾಮೀನ ಇಲ್ರಿ?”

ಸಾಹೇಬರು ಮೊದಲು ನಕ್ಕರು. ಆಮೇಲೆ ಕಾನೂನಿನ ಪುಸ್ತಕ ತರಿಸಿ ಓದಿದರು. ಹೊಣೆಗಾರರು ಮುಚ್ಚಳಿಕೆ ಬರೆದುಕೊಟ್ಟರೆ, ಕೋರ್ಟು ಕೇಳಿದಾಗ ಹಾಜರುಪಡಿಸುವ ಕರಾರಿನ ಮೇಲೆ ಬಿಡಬಹುದು ಎಂದರು. ಹೊಣೆಗೆ ನಿಂತವರು ಯಾರೆಂದು ತಮಗೆ ತಿಳಿದಿರಲಿಕ್ಕಿಲ್ಲ. ಚುನಾವಣೆಯಲ್ಲಿ ತಮ್ಮ ಸಲುವಾಗಿ ಮನೆಮನೆ ತಿರುಗಿದ ರಾಜೂರಿನ ಹೂವಪ್ಪನವರು. ಅವರು ಸ್ವಂತದ ಆರು ಎಕರೆ ಹೊಲವನ್ನು ಹೊಣೆಯಾಗಿ ಬರೆಸಿ, “ಇವ್ರ ಮನಿಗೆ ಬಂದು ಓಟು ಕೇಳಿದಾವ ನಾ. ನನ್ನ ಮಾತಿಗೆ ಇಷ್ಟಾದ್ರೂ ಆಗ್ಲಿ” ಎಂದರು. ನಾನು ಮುಚ್ಚಳಿಕೆ ಬರೆದೆ. ಈ ಸಲ ಒಂದೊಂದು ಸಾಲನ್ನೂ ಓದಿ ಹೇಳಿದೆ, ಸಹಿಯನ್ನು ಕಣ್ಣಾರೆ ನೋಡಿದೆ.

ನಿನ್ನೆ ಹೊಳೆಮಣ್ಣೂರಿಗೆ ಹೋಗಿದ್ದೆ. ಹೊಳೆವ್ವ ಚಹಾ ಕಾಸುವಾಗಲೇ ಮಳೆ ಹೊಡೆಯಿತು. ತಗಡಿನ ಮೇಲಿನ ಸಪ್ಪಳದಲ್ಲಿ ಅವಳು ಏನು ಹೇಳಿದಳೋ ನನಗೆ ಕೇಳಿಸಲಿಲ್ಲ, ನಾನು ಹೇಳಿದ್ದು ಅವಳಿಗೆ ಕೇಳಿಸಲಿಲ್ಲ. ಇಬ್ಬರೂ ಮಕ್ಕಳು ಮೇಲೆ ನೋಡುತ್ತ ಕುಳಿತಿದ್ದರು. ಒಂದು ಹನಿಯೂ ಒಳಗೆ ಬರಲಿಲ್ಲ.

ಅಪೀಲಿನ ದಿನ ಧಾರವಾಡದ ಕೋರ್ಟಿನಲ್ಲಿ ಮೊದಲ ಸಾಲಿನಲ್ಲೇ ಕುಳಿತು ತಮ್ಮ ದರ್ಶನ ಮಾಡಲಿರುವ,

ತಮ್ಮ ವಿಶ್ವಾಸಿ,
ದ್ಯಾಮಪ್ಪ, ಅರ್ಜಿ ಬರೆಯುವವನು

ತಾ. ಕ.: ಮೇಲಿನ ಕೋರ್ಟು ತಗಡುಗಳನ್ನು ತಮಗೇ ಕೊಡಬೇಕೆಂದು ಆಜ್ಞೆ ಮಾಡಿದರೆ, ಆಳುಗಳನ್ನು ಕಳಿಸದೆ ಒಂದು ಮಳೆಯ ದಿನ ತಾವೇ ಬಂದು ಮಾಡು ಹತ್ತಿ ಬಿಚ್ಚಿಕೊಳ್ಳಬೇಕಾಗಿ ವಿನಂತಿ. ನಿಚ್ಚಣಿಕೆಯನ್ನು ಕೆಳಗೆ ತಾನೇ ಹಿಡಿಯುತ್ತೇನೆಂದು ಹೊಳೆವ್ವ ಹೇಳಿದ್ದಾಳೆ. ಎಷ್ಟು ಹೊತ್ತು ಹಿಡಿಯುತ್ತಾಳೆಂಬುದನ್ನು ಹೇಳಲಿಲ್ಲ, ನಾನೂ ಕೇಳಲಿಲ್ಲ.