ನಮ್ಮ ಹುಳುಮನೆಯ ಮಿಷನ್ನು

ನಮ್ಮ ವಂಶದಲ್ಲಿ ಡಿಗ್ರಿ ಮಾಡಿದ ಮೊದಲಿಗ ನಾನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಓದುತ್ತಾ ಹೋದಂತೆ ನಿಮಗೆ ಅನುಮಾನ ಬರಬಹುದು. ಬೆಳಗ್ಗೆ ಎದ್ದು ರೇಷ್ಮೆ ಹುಳುವಿಗೆ ಸೊಪ್ಪು ಕೊಯ್ದು ಹಾಕಿ, ಮುಳಬಾಗಿಲಿನ ಬಸ್ಸಿಗೆ ಓಡಿ, ಅಂಗಿಗೆ ಅಂಟಿದ ಹಿಪ್ಪುನೇರಳೆ ಎಲೆಯ ಸಮೇತ ಫಿಸಿಕ್ಸ್ ಪಾಠ ಕೇಳಿ ಸಂಪಾದಿಸಿದ ಬಿ.ಎಸ್ಸಿ. ಅದು. ಯಾರಾದರೂ ನನ್ನ ಹೆಸರನ್ನು ಬರೀ ಹೆಸರಾಗಿ ಬರೆದರೆ ಪಕ್ಕದಲ್ಲಿ ಬಿ.ಎಸ್ಸಿ. ಅಂತ ನಾನೇ ಸೇರಿಸುತ್ತೇನೆ. ಹಾಲಿನ ಡೇರಿಯ ಕಾರ್ಡಿನಲ್ಲೂ ಸೇರಿಸಿದ್ದೇನೆ. ಹಸುವಿಗೆ ಅದರಿಂದ ಏನೂ ಉಪಯೋಗವಾಗಿಲ್ಲ.

ಈಗ ನಾನು ಹೈಸ್ಕೂಲಿನಲ್ಲಿ ವಿಜ್ಞಾನ, ಗಣಿತದ ಮೇಷ್ಟ್ರು. ಈಚೆಗೆ ಕೋಲಾರದಲ್ಲಿ ನಮಗೊಂದು ತರಬೇತಿ ಆಯಿತು. ಅಂಗೈಯಗಲದ ಒಂದು ಬೋರ್ಡು ಕೊಟ್ಟು, ಇದು ಮೈಕ್ರೋಕಂಟ್ರೋಲರ್, ಕಂಪ್ಯೂಟರಿನಲ್ಲಿ ಪ್ರೋಗ್ರಾಮ್ ಬರೆದು ಇದಕ್ಕೆ ಕಳಿಸಿದರೆ ಹೇಳಿದ ಹಾಗೆ ಕೇಳುತ್ತದೆ ಎಂದರು. ನಮ್ಮ ಮನೆಯಲ್ಲಿ ನಾನು ಹೇಳಿದ ಹಾಗೆ ಕೇಳುವ ಮೊದಲ ಪ್ರಾಣಿ ಇದೇ ಎನ್ನಿಸಿ, ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಂದೆ.

ತಂದ ವಾರವೇ ಅದಕ್ಕೆ ಕೆಲಸ ಬಂತು. ಬೈರಕೂರಿನಲ್ಲಿ ಅಮ್ಮನ ಅಕ್ಕ, ಅಂದರೆ ನಮ್ಮ ದೊಡ್ಡಮ್ಮ ಇದ್ದಾರೆ. ಅವರ ಮೊಮ್ಮಗಳ ನಾಮಕರಣ. ಅಮ್ಮ ಹುಳುಮನೆ ಬಿಟ್ಟು ಒಂದು ರಾತ್ರಿಯೂ ಎಲ್ಲೂ ಉಳಿದವಳಲ್ಲ. ಬಿಸಿಲೇರಿದರೆ ಒಳಗಿನ ಸೆಕೆಗೆ ಹುಳು ಸಾಯುತ್ತವೆ. ಗೋಡೆಯ ಥರ್ಮಾಮೀಟರ್ ನೋಡಿ ನೋಡಿ ಫ್ಯಾನ್ ಹಾಕುವುದು, ಆರಿಸುವುದು ಅವಳ ಕೆಲಸ. ದೊಡ್ಡಮ್ಮ ಫೋನಿನಲ್ಲಿ ಕಿರುಚಿದರು: “ನಿಂಗೆ ನಮಗಿಂತ ಆ ಹುಳಗಳೇ ಹತ್ತಿರದ ನೆಂಟರು ಕಣೇ! ಈ ಸಲ ಬರ್ಲಿಲ್ಲಾಂದ್ರೆ ನನ್ ಮಣ್ಣಿಗೂ ಬರ್ಬೇಡ.” ಅಮ್ಮ ಕಣ್ಣೊರೆಸಿಕೊಂಡಳು. ನಾನು ಎದೆ ಮುಂದೆ ಮಾಡಿ, “ನೀನು ಹೋಗಿ ಬಾರಮ್ಮ. ಫ್ಯಾನನ್ನ ನನ್ನ ಮಿಷನ್ನು ನೋಡ್ಕೊಳ್ಳುತ್ತೆ” ಎಂದುಬಿಟ್ಟೆ.

ಪ್ರೋಗ್ರಾಮ್ ಬರೆದೆ. ಬೋರ್ಡಿಗೆ ಕಳಿಸುವ ಮುಂಚೆ ಕಂಪ್ಯೂಟರು ಅದನ್ನು ಪರೀಕ್ಷೆ ಮಾಡುತ್ತದೆ. ಇದಕ್ಕೆ ಕಂಪೈಲ್ ಎನ್ನುತ್ತಾರೆ. ಒಪ್ಪಿಗೆಯಾಗದಿದ್ದರೆ ಪರದೆಯ ಕೆಳಗೆ ಕೆಂಪಕ್ಷರದಲ್ಲಿ ಬೈಯುತ್ತದೆ. ಮಕ್ಕಳ ಪತ್ರಿಕೆಯ ಮೇಲೆ ಕೆಂಪು ಇಂಕು ಸುರಿದೇ ಸಂಬಳ ತೆಗೆದುಕೊಳ್ಳುವವನು ನಾನು. ಅಂಥವನ ಮೇಲೇ ಸುರಿಯಿತು. ನಾನು ಬರೆದ ಒಂದು ಹೆಸರನ್ನು ಹಿಡಿದುಕೊಂಡು, ಇವನು ಯಾರು, ಇವನನ್ನು ನನಗೆ ಪರಿಚಯವೇ ಮಾಡಿಸಿಲ್ಲವಲ್ಲ ಎಂದಿತು. ನಮ್ಮೂರ ಬಸ್ ಸ್ಟಾಪಿನ ಕಟ್ಟೆಯ ಮೇಲೆ ಕೂತ ಹಿರಿಯರು ಹೊಸಬರನ್ನು, “ಎವರಿಂಟೋಡಪ್ಪ ನೀನು, ಯಾರ ಮನೆಗೆ ಬಂದೆ?” ಅಂತ ತೆಲುಗು ಬೆರೆಸಿ ತಡೆದು ನಿಲ್ಲಿಸುವ ಹಾಗೆ. ಅದನ್ನು ಸರಿಮಾಡಲು ಹೋದರೆ ಇನ್ನೊಂದು ಸಾಲು ಅತ್ತಿತು. ಅದನ್ನು ಸಮಾಧಾನ ಮಾಡಿದರೆ ಅದರ ಕೆಳಗಿನ ನಾಲ್ಕೂ ಒಟ್ಟಿಗೆ ಅತ್ತವು.

ಆಗ ನನಗೆ ಅಪ್ಪ ನೆನಪಾದರು. ನನ್ನ ಮದುವೆಯ ಲಗ್ನಪತ್ರಿಕೆಯಲ್ಲಿ ‘ಸುಖಾಗಮನ ಬಯಸುವವರು’ ಎಂಬ ಜಾಗಕ್ಕೆ ದೊಡ್ಡ ಜಗಳವಾಗಿತ್ತು. ದೊಡ್ಡಪ್ಪ ತನ್ನ ಹೆಸರು ಚಿಕ್ಕದಾಗಿದೆ ಎಂದರು, ಅಪ್ಪ ತೆಗೆದರು. ಸೋದರಮಾವ ತಾನು ಕೆಳಗಿದ್ದೇನೆ ಎಂದರು, ಅವರನ್ನೂ ತೆಗೆದರು. ಕೊನೆಗೆ ಪತ್ರಿಕೆಯಲ್ಲಿ ಗಂಡು, ಹೆಣ್ಣು, ಛತ್ರ ಮತ್ತು ಗಣಪತಿ ಮಾತ್ರ ಉಳಿದರು. ಗಣಪತಿ ಏನೂ ತಕರಾರು ಮಾಡಲಿಲ್ಲ. ಆಮೇಲೆ ಮನೆಯಲ್ಲಿ ಎಂಥ ಶಾಂತಿ ಅಂತೀರಿ!

ಸಾಲಿನ ಮುಂದೆ ಎರಡು ಓರೆಗೀಟು ಹಾಕಿದರೆ ಕಂಪ್ಯೂಟರು ಆ ಸಾಲನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ ಎಂದು ತರಬೇತಿಯಲ್ಲಿ ಹೇಳಿದ್ದರು. ಸಾಲು ಇದ್ದಲ್ಲೇ ಇರುತ್ತದೆ, ಮರ್ಯಾದೆಗೆ ಕುಂದಿಲ್ಲ, ಮಾತು ಮಾತ್ರ ನಡೆಯುವುದಿಲ್ಲ. ಅತ್ತೆ ಮನೆಯಲ್ಲಿ ನಾನಿರುವ ಹಾಗೆ. ಯಾವ ಸಾಲಿನ ಮೇಲೆ ದೂರು ಬಂತೋ ಅದರ ಮುಂದೆ ಗೀಟೆಳೆಯುತ್ತಾ ಹೋದೆ. ಒಂದೊಂದಾಗಿ ಕೆಂಪು ಕರಗಿತು. ಕೊನೆಗೆ ಕಂಪೈಲ್ ಆಯಿತು ಎಂದು ಬಂದಾಗ ರ‍್ಯಾಂಕ್ ಬಂದಷ್ಟು ಖುಷಿಯಾಯಿತು.

“ಏಮಿರಾ, ಆಯ್ತಾ ನಿನ್ ಮಿಷನ್ನು? ಇಲ್ಲಾಂದ್ರೆ ಈಗ್ಲೇ ಹೇಳ್ಬಿಡು, ಅಕ್ಕನಿಗೆ ಬರಲ್ಲ ಅಂತೀನಿ.” ಅಮ್ಮ ಬಾಗಿಲಲ್ಲಿ ನಿಂತು ಕೇಳಿದಳು.

“ಆಗೋಯ್ತಮ್ಮ. ಸೀರೆ ಎತ್ತಿಟ್ಕೊ.”

ಪ್ರೋಗ್ರಾಮನ್ನು ಬೋರ್ಡಿಗೆ ಕಳಿಸಿ, ಅದನ್ನು ಹುಳುಮನೆಯ ಫ್ಯಾನಿಗೆ ಜೋಡಿಸಿದೆ. ಬೋರ್ಡಿನ ಮೇಲೆ ಹಸಿರು ದೀಪ ಉರಿಯುತ್ತಿತ್ತು. ಅಮ್ಮ ಅದಕ್ಕೊಂದು ಕುಂಕುಮದ ಬೊಟ್ಟಿಟ್ಟು, ಕೈಮುಗಿದು, ಬಸ್ಸು ಹತ್ತಿದಳು.

ಬಿಸಿಲೇರಿತು. ಹುಳುಮನೆಯ ಒಳಗಿಂದ ನನ್ನ ಹೆಂಡತಿ ಸುಜಾತ ಕೂಗಿದಳು. “ರೀ, ನಿಮ್ಮ ಮಿಷನ್ನು ಎಚ್ಚರವಾಗಿದೆಯಾ? ಒಳಗೆ ಬೆಂದು ಹೋಗ್ತಿದೀವಿ. ಫ್ಯಾನು ಅಲ್ಲಾಡ್ತಿಲ್ಲ.”

“ಅದು ಲೆಕ್ಕ ಹಾಕ್ತಿದೆ ಕಣೇ. ಅವಸರ ಮಾಡ್ಬಾರ್ದು.”

“ಅದರ ಲೆಕ್ಕ ಮುಗಿಯೋ ಹೊತ್ತಿಗೆ ಹುಳದ ಲೆಕ್ಕ ಮುಗಿಯತ್ತೆ. ಬಂದು ನೋಡಿ.”

ಹೋಗಿ ನೋಡಿದರೆ ಹುಳುಗಳು ಸೊಪ್ಪು ಬಿಟ್ಟು ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದವು. ಓಡಿಬಂದು ಪ್ರೋಗ್ರಾಮ್ ತೆಗೆದೆ. ಗೀಟಿಲ್ಲದೆ ಉಳಿದಿದ್ದು ಎರಡೇ ಖಾಲಿ ಡಬ್ಬ. ಒಂದು, ಶುರು ಮಾಡು. ಇನ್ನೊಂದು, ಮತ್ತೆ ಮತ್ತೆ ಮಾಡು. ಏನು ಮಾಡಬೇಕು ಅನ್ನುವುದು ಎಲ್ಲೂ ಇರಲಿಲ್ಲ. ಪಾಪ, ಬೋರ್ಡು ಬೆಳಗ್ಗೆಯಿಂದ ನಿಯತ್ತಾಗಿ ಏನೂ ಮಾಡದಿರುವುದನ್ನೇ ಮತ್ತೆ ಮತ್ತೆ ಮಾಡುತ್ತಿತ್ತು. ಗೀಟು ಅಳಿಸಿದರೆ ದೂರುಗಳೆಲ್ಲ ವಾಪಸ್. ಅಮ್ಮನನ್ನು ಕರೆಸಿದರೆ ದೊಡ್ಡಮ್ಮನ ಮಣ್ಣಿನ ಪ್ರಶ್ನೆ.

ಇನ್ನೇನು ಮಾಡಲಿ? ಸ್ಟೂಲು ಎಳೆದುಕೊಂಡು ಥರ್ಮಾಮೀಟರಿನ ಎದುರು ನಾನೇ ಕೂತೆ. ಸೆಕೆ ಏರಿದರೆ ಸ್ವಿಚ್ಚು ಒತ್ತು, ಇಳಿದರೆ ಆರಿಸು, ಮತ್ತೆ ನೋಡು. ಸ್ಕೂಲಿಗೆ ರಜೆ ಹಾಕಿದೆ. ಮಧ್ಯೆ ಮಧ್ಯೆ ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡು ಗೀಟುಗಳನ್ನು ಮೇಲಿಂದ ಒಂದೊಂದಾಗಿ ಅಳಿಸಿದೆ. ಗಣಿತದಲ್ಲಿ ಪುಷ್ಪಾವರಣ ಅಂತ ಮಕ್ಕಳಿಗೆ ನಾನೇ ಹೇಳಿಕೊಡುವ ಬಳುಕುವ ಗುರುತನ್ನು ಮೇಲೊಂದು ಕಡೆ ತೆರೆದವನು ಮುಚ್ಚುವುದನ್ನೇ ಮರೆತಿದ್ದೆ. ಮುಚ್ಚಿದೆ. ಕೆಳಗಿನ ಅರ್ಧಕ್ಕರ್ಧ ದೂರುಗಳು ತಾವಾಗಿಯೇ ಎದ್ದು ಹೋದವು. ಅಷ್ಟೂ ಸಾಲುಗಳು ಅತ್ತಿದ್ದು ಅದೊಂದಕ್ಕೆ. ನಾನು ಬಾಯಿ ಮುಚ್ಚಿಸಿದ್ದು ಅಳುತ್ತಿದ್ದವನ್ನೆಲ್ಲ. ಅಷ್ಟರಲ್ಲಿ ಅಮ್ಮನ ಫೋನು.

“ಮಿಷನ್ನು ಹೇಗಿದೆಯಪ್ಪ?”

“ಚೆನ್ನಾಗಿದೆಯಮ್ಮ. ಸೊಂಟ ಒಂಚೂರು ಹಿಡ್ಕೊಂಡಿದೆ.”

“ಮಿಷನ್ನಿಗಾ?”

“ನಂಗಮ್ಮ, ನಂಗೆ.”

ನಾಮಕರಣ ಮುಗಿಸಿ ಮಾರನೆಯ ದಿನ ಅಮ್ಮ ಬಂದಾಗ ಇನ್ನೂ ಎರಡು ದೂರು ಬಾಕಿ ಇದ್ದವು, ಈಗಲೂ ಇವೆ. ಅವಳು ನೇರ ಹುಳುಮನೆಗೆ ಹೋದಳು. ಒಂದು ಹುಳುವೂ ಬಾಡಿರಲಿಲ್ಲ. ಬೋರ್ಡಿಗೆ ಇನ್ನೊಂದು ಬೊಟ್ಟಿಟ್ಟು, ಬೈರಕೂರಿಗೆ ಫೋನು ಮಾಡಿ, ನನ್ನ ಮಗನ ಮಿಷನ್ನು ಹಾಗೆ, ಹೀಗೆ ಎಂದು ಹೊಗಳಿದ್ದೇ ಹೊಗಳಿದ್ದು. ನಾನು ಸ್ಟೂಲನ್ನು ಮೆಲ್ಲಗೆ ಕಾಲಿನಿಂದ ಹುಳು ಸಾಕುವ ಮಂಚದಡಿಗೆ ತಳ್ಳಿದೆ. ತಮ್ಮ ಹುಳುಮನೆಗೂ ಅಂಥದ್ದೊಂದು ಬೇಕೇ ಬೇಕು ಎಂದು ದೊಡ್ಡಮ್ಮ ಹಟ ಹಿಡಿದರು. ಸುಜಾತ ಅಮ್ಮನ ಕೈಯಿಂದ ಫೋನು ತೆಗೆದುಕೊಂಡಳು.

“ಧಾರಾಳವಾಗಿ ಕಳಿಸ್ಕೊಡ್ತೀನಿ ದೊಡ್ಡತ್ತೆ. ಅದಕ್ಕೆ ಕರೆಂಟೂ ಬೇಕಾಗಿಲ್ಲ. ಬೆಳಗ್ಗೆ ಸಂಜೆ ಕಾಫಿ, ಮಧ್ಯಾಹ್ನ ಮುದ್ದೆ ಸಾರು ಹಾಕಿದ್ರೆ ಸಾಕು. ತಪ್ಪು ತೋರಿಸಬೇಡಿ, ಮುಖ ಊದಿಸ್ಕೊಳ್ಳುತ್ತೆ. ಹಾಂ, ಕರೆಯೋವಾಗ ಹೆಸರಿನ ಜೊತೆ ಬಿ.ಎಸ್ಸಿ. ಅಂತ ಸೇರಿಸಿ, ಬೇಗ ಓಡುತ್ತೆ.”