ಹಸಿ ಮೀನು, ಒಣ ಮೀನು ಮತ್ತು ನನ್ನ ಪಿಂಚಣಿ

ನೋಡಿ, ಮೊದಲ ಸಾಲು ಬರೆಯುವಷ್ಟರಲ್ಲಿ ಹೊರಗಿನಿಂದ ಕೂಗು: "ಹ್ವಾಯ್, ನನ್ನ ರವ್ಕಿ ಆಯ್ತಾ?" ಆಗಿಲ್ಲ ಎಂದು ಕಳಿಸಿ ಬಂದು ಕೂತರೆ ಮಗಳಿಗೆ ಚಪ್ಪಲಿಯ ಒಂದು ಕಾಲು ಸಿಗುವುದಿಲ್ಲ. ಅದು ಸಿಕ್ಕಿತು ಅನ್ನುವಾಗ ಗಂಡನಿಗೆ ಇನ್ನೊಂದು ಲೋಟ ಚಾ. ನನ್ನ ಹೊಲಿಗೆ ಮಿಷನ್ನಿನ ಸದ್ದು ನಿಂತಿತೆಂದರೆ ನಾನು ಖಾಲಿ ಕೂತಿದ್ದೇನೆ ಅಂತಲೇ ಈ ಮನೆಯ ಲೆಕ್ಕ. ಯೋಚನೆಗೆ ಸದ್ದಿಲ್ಲವಲ್ಲ, ಅದನ್ನು ಕೆಲಸವೆಂದು ಯಾರೂ ಒಪ್ಪುವುದಿಲ್ಲ.

ನಾನು ಯೋಚಿಸುತ್ತಿದ್ದದ್ದು ನನ್ನ ಹೊಲಿಗೆ ದುಡ್ಡಿನ ಬಗ್ಗೆ. ಗಂಡ ಬೋಟಿಗೆ ಹೋಗುವವರು, ಅತ್ತೆ ಮೀನು ಮಾರುವವರು. ಮಳೆಗಾಲಕ್ಕೆ ಬೋಟುಗಳೆಲ್ಲ ದಡ ಹತ್ತುತ್ತವೆ, ನಾನು ವರ್ಷವಿಡೀ ಕೂಡಿಟ್ಟದ್ದು ಕೈ ಬಿಡುತ್ತದೆ. ಈ ಸಲ ಹಾಗಾಗಬಾರದು, ನನ್ನ ಮುದಿತನಕ್ಕೆ ಒಂದಿಷ್ಟು ಉಳಿಯಲೇಬೇಕು ಎಂದು ಹಟ ಹಿಡಿದೆ. ದಾರಿ ಎರಡಿತ್ತು. ಒಂದು ಪಿಂಚಣಿ ಖಾತೆ: ತೆರಿಗೆ ವಿನಾಯಿತಿ ಇದೆ, ಆದರೆ ಅರವತ್ತರವರೆಗೆ ಹೆಚ್ಚುಕಮ್ಮಿ ಬೀಗ. ಇನ್ನೊಂದು ಷೇರಿನ ಡಿಮ್ಯಾಟ್ ಖಾತೆ: ಬೇಕೆಂದಾಗ ಮಾರಬಹುದು, ಆದರೆ ಲಾಭ ಹೆಚ್ಚಾದರೆ ತೆರಿಗೆ. ಹತ್ತನೇ ಕ್ಲಾಸಿಗೆ ಓದು ನಿಲ್ಲಿಸಿದ ನನಗೂ ಇಷ್ಟು ಅರ್ಥವಾಯಿತು. ಅರ್ಥವಾಗದೇ ಹೋದದ್ದು ಉಳಿದವರು ಹೇಳಿದ ಬುದ್ಧಿ. ಬುದ್ಧಿ ಹೇಳಿಸಿಕೊಳ್ಳುವುದಕ್ಕೆ ನಮ್ಮ ಮನೆಯಲ್ಲಿ ರಜೆಯಿಲ್ಲ.

ನಾಮಿನಿ ಯಾರು?

ನಮ್ಮ ಮಹಿಳಾ ಸಂಘದ ಸಭೆಗೆ ಪಿಂಚಣಿಯ ವಿಷಯ ತಿಳಿಸಲು ಒಬ್ಬಳು ಹುಡುಗಿ ಬಂದಳು. ಪಾಪ, ಎಳೆಯ ಹುಡುಗಿ, ಹೊಸ ಕೆಲಸ. "ಇದರಲ್ಲಿ ಹಾಕಿದರೆ ತೆರಿಗೆ ಉಳಿಯುತ್ತದೆ ಅಕ್ಕ" ಅಂದಳು.

"ಉಳ್ಸೂಕೆ ಮೊದ್ಲ್ ಕಟ್ಟುವಷ್ಟ್ ದುಡೀಕಲ್ದಾ ಮಾರಾಯ್ತಿ?" ಅಂದೆ.

ಅವಳು ಆ ಹಾಳೆ ಮಡಚಿ ಮುಂದಿನದಕ್ಕೆ ಹೋದಳು. ಅರವತ್ತಾದ ಮೇಲೆ ತಿಂಗಳು ತಿಂಗಳು ಹಣ ಬರುತ್ತದೆ ಅಂದಳು. ಹಿಂದಿನ ಸಾಲಿನಲ್ಲಿ ಕೂತಿದ್ದ, ಮೀನು ಒಣಗಿಸುವ ಹೆಂಗಸು ಕೇಳಿದಳು: "ಅದ್ಕಿಂತ ಮೊದ್ಲೇ ನಾನ್ ಸತ್ರೆ?"

"ನಾಮಿನಿಗೆ ಸಿಗುತ್ತದೆ."

"ಅದ್ ಯಾರ್?"

"ಸಾಮಾನ್ಯವಾಗಿ ನಿಮ್ಮ ಗಂಡ."

ಹೆಂಗಸು ಹೇಳಿದಳು: "ಹಾಂಗಾರೆ ಖಾತೆ ಅವ್ರ ಹೆಸ್ರಂಗೆ ಮಾಡ್. ನಾನ್ ನಾಮಿನಿ ಆತೆ."

ಆಮೇಲೆ ಇಡೀ ಸಭೆಯಲ್ಲಿ ಖಾತೆ ತೆರೆಯುವವರು ಯಾರೂ ಇರಲಿಲ್ಲ. ನಾಮಿನಿಗಳೇ ಎಲ್ಲ.

ಮೂಗಿಲ್ಲದವ

ಪರೀಕ್ಷೆಗೆಂದು ಮೊದಲು ಡಿಮ್ಯಾಟ್ ಖಾತೆ ತೆರೆದು ಸ್ವಲ್ಪ ಷೇರು ತಗೊಂಡೆ. ಮಾರನೆಯ ದಿನವೇ ಫೋನಿನ ತುಂಬ ಕೆಂಪು. ಅತ್ತೆ ಪಕ್ಕದಲ್ಲಿ ವೀಳ್ಯ ಮಡಚುತ್ತಿದ್ದರು. "ಎಂತ ಹೆಣೆ, ಮೋರಿ ಸಣ್ಣ ಮಾಡ್ಕಂಡಿದ್ದಿ?"

"ರೇಟ್ ಬಿದ್ದಿತ್ ಅತ್ತೆ."

"ಮತ್ತೆಂತಕ್ ಇಟ್ಕಂಡ್ ಕೂಕಂಡಿದ್ದಿ? ಕೊಡ್ ಬೇಗ! ಬೆಳಿಗ್ಗೆ ನೂರು ಹೇಳಿದ್ ಬಂಗ್ಡಿ ಮೀನಿಗೆ ಮಧ್ಯಾಹ್ನ ಐವತ್ತ್, ಸಂಜಿಗೆ ಬೆಕ್ಕಿಗೆ. ನಾತ ಬಪ್ಕೆ ಮೊದ್ಲೆ ಮಾರ್ಕ್."

ಷೇರಿಗೆ ನಾತ ಬರುವುದಿಲ್ಲ, ಇಟ್ಟರೆ ಒಂದು ದಿನ ಏರುತ್ತದೆ ಎಂದು ನಾನು ಎಷ್ಟು ಹೇಳಿದರೂ ಅವರು ಒಪ್ಪಲಿಲ್ಲ. ಜೀವಮಾನವಿಡೀ ಬುಟ್ಟಿ ಖಾಲಿ ಮಾಡಿಯೇ ಮನೆಗೆ ಬಂದವರು. ಉಳಿಸಿಕೊಂಡು ಬಂದವಳನ್ನು ಅವರು ವ್ಯಾಪಾರ ಗೊತ್ತಿಲ್ಲದವಳು ಅನ್ನುತ್ತಾರೆ. ನಾನು ಮಾರಲಿಲ್ಲ. ಎರಡು ವಾರ ಕಳೆದು ನಾನು ಕೊಂಡದ್ದಕ್ಕಿಂತ ಮೇಲೆ ಹೋಯಿತು. ಗೆದ್ದವಳ ಹಾಗೆ ಫೋನು ಹಿಡಿದು ಅತ್ತೆಯ ಮುಂದೆ ನಿಂತೆ.

ಅತ್ತೆ ಫೋನನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. "ಎರ್ಡ್ ವಾರದ್ ಹಿಂದಿನ್ ಮೀನಿಗೆ ಇವತ್ ಹೆಚ್ಚ್ ಕೊಡುವವ ಯಾರ? ಅವ್ನಿಗೆ ಮೂಗಿಲ್ಯಾ?"

ಉಳಿಸಿದ ಟೋಲು

ನನ್ನ ಗಂಡನ ದೊಡ್ಡಪ್ಪನ ಮಗ, ಅಂದರೆ ನನಗೆ ಭಾವ, ಮುಂಬೈಯಲ್ಲಿ ಹೋಟೆಲು ನಡೆಸಿ ಈಗ ಬ್ರಹ್ಮಾವರದಲ್ಲಿ ಮನೆ ಕಟ್ಟಿಕೊಂಡಿದ್ದಾರೆ. ದುಡ್ಡಿನ ವಿಷಯ ಬಲ್ಲವರು ಎಂದು ಅವರನ್ನು ಮಧ್ಯಾಹ್ನದ ಊಟಕ್ಕೆ ಕರೆದೆವು. ತ್ರಾಸಿಯ ನಮ್ಮ ಮನೆಗೆ ಅವರು ಬಂದಾಗ ನಾವು ಸಂಜೆಯ ಚಾ ಕುಡಿಯುತ್ತಿದ್ದೆವು. ಕಾರು ಬಂದದ್ದು ಹಿಂದೆ. ಮುಂದೆ ಅದನ್ನು ಎಳೆಯುತ್ತಿದ್ದ ಟೆಂಪೊ.

"ಎಂತ ಆಯ್ತ್ ಭಾವ?"

"ಅರೆ, ಸಾಸ್ತಾನದ್ ಟೋಲ್ ಯಾಕ್ ಕೊಡೂದ್ ಅಂದೇಳಿ ಒಳದಾರಿ ಹಿಡ್ದೆ. ಕಾರಿನ್ ಅಡಿಗೆ ಕಲ್ಲ್ ಬಡೀತ್."

ಬಂಗುಡೆ ಸಾರು ಬಿಸಿ ಮಾಡಿ ಬಡಿಸಿದೆ. ಉಣ್ಣುತ್ತಾ ಹೇಳಿದರು: "ಕಾಣ್, ಡಿಮ್ಯಾಟ್ ಗಿಮ್ಯಾಟ್ ಬ್ಯಾಡ. ಲಾಭಕ್ಕೆ ತೆರಿಗೆ ಕಟ್ಕಾತ್ತ್. ಪಿಂಚಣಿಗೆ ಹಾಕ್. ಕೊಡೂದ್ ತಪ್ಪಿಸ್ಕಂಡವನೇ ಶಾಣ್ಯಾ."

ನನ್ನ ಮಗಳು ಅವರ ಎದುರೇ ಕೂತು ಕೇಳುತ್ತಿದ್ದಳು. ಹಣ ಉಳಿಸಿದರೆ ಡಬ್ಬಿಗೆ ಹಾಕಬೇಕು ಎಂದು ನಾನೇ ಅವಳಿಗೆ ಕಲಿಸಿದ್ದೆ. ಅವಳು ತನ್ನ ಡಬ್ಬಿ ತಂದು ಮುಂದೆ ಹಿಡಿದಳು: "ದೊಡ್ಡಪ್ಪ, ನೀವ್ ಉಳ್ಸಿದ್ ಟೋಲ್ ಎಲ್ಲಿತ್ತ್? ಕಾಂಬ."

ಭಾವ ಇನ್ನೊಂದು ತುಂಡು ಮೀನು ಕೇಳಿದರು.

ಉಪ್ಪಿನ ರುಚಿ

ಮಳೆಗಾಲ ಬಂತು, ಬೋಟು ದಡ ಹತ್ತಿತು, ಗಂಡ ಚಾವಡಿ ಹತ್ತಿದರು. ಗೆಳೆಯನೊಬ್ಬನ ಜೊತೆ ಸೇರಿ ದೋಣಿಗೆ ಹಳೆಯ ಇಂಜಿನ್ನೊಂದು ಕೊಳ್ಳುವ ಆಸೆ ಅವರಿಗೆ.

"ಹೆಣೆ, ನಿನ್ ಫೋನಂಗೆ ದುಡ್ಡ್ ಸುಮ್ನೆ ಕೂಕಂಡಿತ್ತಲೆ?"

"ಸುಮ್ನೆ ಕೂಕಂಡದ್ ನೀವ್. ಅದ್ ಬೆಳೀತಾ ಇತ್ತ್."

ಅಲ್ಲಿಗೆ ಬಿಟ್ಟರು ಅಂದುಕೊಂಡೆ. ಬಿಡಲಿಲ್ಲ, ದಾರಿ ಬದಲಿಸಿದರು. ಬಾವಿಯಿಂದ ನೀರು ಸೇದಿ ಕೊಟ್ಟರು. ರವಿಕೆಗೆ ಹುಕ್ಕು ಹಾಕಲು ಕೂತು ಬೆರಳಿಗೆ ಸೂಜಿ ಚುಚ್ಚಿಕೊಂಡರು. ಒಂದು ಮಧ್ಯಾಹ್ನ ಉಣ್ಣುತ್ತಾ ಕಣ್ಣು ಮುಚ್ಚಿ ಹೇಳಿದರು: "ಆಹಾ! ನಿನ್ಹಾಂಗೆ ಉಪ್ಪು ಖಾರ ಹದ ಮಾಡ್ವವ್ರ್ ಈ ಕರಾವಳಿಯಂಗೇ ಇಲ್ಲೆ."

ನಾನು ಬಡಿಸಿಕೊಂಡು ಒಂದು ತುತ್ತು ಬಾಯಿಗಿಟ್ಟೆ. ಆ ದಿನ ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದೆ.

ಕೂತುಕೊಳ್ಳುವ ವಯಸ್ಸು

ಉಪ್ಪಿಲ್ಲದ ಸಾರನ್ನು ಹೊಗಳಬಲ್ಲವರ ಮುಂದೆ ಬೀಗವಿಲ್ಲದ ಖಾತೆ ಎಷ್ಟು ದಿನ ಬಾಳೀತು? ಅತ್ತೆಯನ್ನೇ ಕೇಳಿದೆ. ಅವರು ತಮ್ಮ ಭಾಷೆಗೆ ತಂದುಕೊಂಡರು: "ಒಂದ್ ಹಸಿ ಮೀನ್, ಒಂದ್ ಒಣ ಮೀನ್. ಹಸಿದ್ ಇವತ್ತಿಗೆ, ಒಣಗಿದ್ ಮಳಿಗಾಲಕ್ಕೆ. ಎರ್ಡೂ ಬೇಕ್. ಒಣಗಿದ್ ಜಾಸ್ತಿ ಇರ್ಲಿ." ಸರಿ, ಸ್ವಲ್ಪ ಷೇರಿನಲ್ಲೇ ಬಿಟ್ಟು, ತಿಂಗಳ ಹೊಲಿಗೆ ದುಡ್ಡಿನ ದೊಡ್ಡ ಪಾಲು ಪಿಂಚಣಿಗೆ ಹೋಗುವ ಹಾಗೆ ಮಾಡಿದೆ.

ಆ ಖಾತೆ ಆಯಿತು ಎಂದು ಫೋನಿಗೆ ಸುದ್ದಿ ಬಂದ ಬೆಳಿಗ್ಗೆ ಅತ್ತೆ ನಾಡದೋಣಿಯವರು ತಂದ ಮೀನಿನ ಬುಟ್ಟಿ ಹೊತ್ತು ಅಂಗಳಕ್ಕೆ ಇಳಿದಿದ್ದರು. ನಾನು ಹಿಗ್ಗಿನಿಂದ ಓಡಿ ಹೋಗಿ ಹೇಳಿದೆ: "ಬೀಗ ಹಾಕ್ದೆ ಅತ್ತೆ! ಇನ್ನ್ ಅರವತ್ತಕ್ಕೇ ತೆಗೂದ್."

"ಅರವತ್ತಕ್ಕೆ ಎಂತ ಇತ್ತ್?"

"ಆಗ ಕೆಲ್ಸ ಬಿಡೂದ್. ಸುಮ್ನೆ ಕೂಕಂಬುದ್."

"ಯಾರ್ ಹೇಳದ್ದ್?"

"ಸರ್ಕಾರವೇ ಹಾಂಗೆ ಹೇಳತ್ತ್. ಅರವತ್ತಾದವ್ರ್ ಕೂಕಂಬುದ್."

ಅತ್ತೆಗೆ ಅರವತ್ತು ದಾಟಿ ಯಾವ ಕಾಲವಾಯಿತೋ. ಅವರು ಬುಟ್ಟಿಯನ್ನು ಕೆಳಗಿಳಿಸಿ, ಜಗಲಿಗೆ ಬಂದು, ಕಾಲು ಚಾಚಿ ಕೂತರು. ರಸ್ತೆಯಲ್ಲಿ ಬಸ್ಸು ಹಾರ್ನ್ ಹೊಡೆಯಿತು.

"ಅತ್ತೆ, ಬಸ್ ಬಂತ್!"

"ಬರ್ಲಿ."

"ಮೀನ್ ಹಾಳಾತ್ತ್!"

"ಆಯ್ಲಿ. ಸರ್ಕಾರ ಹೇಳಿತಂಬ್ರಲೆ."

ಗದ್ದಲ ಕೇಳಿ ಗಂಡ ಒಳಗಿನಿಂದ ಓಡಿ ಬಂದರು. ಬುಟ್ಟಿ ನೋಡಿದರು, ತಾಯಿಯನ್ನು ನೋಡಿದರು, ಹೆದರಿ ಹೋದರು. "ಅಬ್ಬಿ, ಹುಷಾರಿಲ್ಯಾ? ಗ್ಯಾಸ್ ಮುಗ್ದಿತ್ತ್, ಅಕ್ಕಿ ತರ್ಕ್, ಇವತ್ತೇ ನೀ ಕೂಕಂಡ್ರೆ ಹ್ಯಾಂಗೆ?"

ಬಸ್ಸಿನ ಕಂಡಕ್ಟರ್ ಬಾಗಿಲಿನಿಂದ ಬಗ್ಗಿ ಸೀಟಿ ಊದುತ್ತಿದ್ದ. ಅತ್ತೆ ನಿಧಾನವಾಗಿ ಎದ್ದು, ಸಿಂಬಿ ಸರಿಮಾಡಿಕೊಂಡು, ಬುಟ್ಟಿಯನ್ನು ತಲೆಗೇರಿಸಿ, ನನ್ನ ಕಡೆ ತಿರುಗಿ ನಗುತ್ತಲೇ ಕೇಳಿದರು:

"ಹೆಣೆ, ನೀ ಅರವತ್ತಕ್ಕೆ ಕೂಕಂಬುಕೆ ತಿಂಗ್ಳ್ ತಿಂಗ್ಳ್ ದುಡ್ಡ್ ಹಾಕ್ಕಲೆ. ಆ ದುಡ್ಡ್ ನಿನ್ ಕೈಯಂಗೆ ಉಳೂಕೆ ನಾನ್ ಎಷ್ಟ್ ವರ್ಷದ್ ತನ್ಕ ಮೀನ್ ಹೊರ್ಕ್?"